ಚಿವುಟುವ ವಿಭಾಗ, ತೂಗುವ ವಿಭಾಗ

ನನ್ನ ತಂಗಿಯ ಮಕ್ಕಳಿಬ್ಬರೂ ಒಂದೇ ವಿಶ್ವವಿದ್ಯಾಲಯದ ಒಂದೇ ಕಟ್ಟಡದಲ್ಲಿ ಓದುತ್ತಾರೆ. ಹಿರಿಯವನು ಮೇಲಿನ ಮಹಡಿಯಲ್ಲಿ ಕ್ರೀಡಾ ನಿರ್ವಹಣೆ ಓದಿದರೆ, ಕಿರಿಯವಳು ನೆಲಮಾಳಿಗೆಯಲ್ಲಿ ಅಥ್ಲೆಟಿಕ್ ಟ್ರೇನಿಂಗ್, ಅಂದರೆ ಆಟಗಾರರ ಗಾಯ ತಡೆಯುವ, ಆರೈಕೆ ಮಾಡುವ ವಿದ್ಯೆ ಓದುತ್ತಾಳೆ. ಅವನು ಆಟಗಾರನನ್ನು ಮಾರುವುದು ಹೇಗೆಂದು ಕಲಿಯುತ್ತಾನೆ. ಅವಳು ಮಾರಾಟವಾದ ಆಟಗಾರನನ್ನು ಮತ್ತೆ ನಿಲ್ಲಿಸುವುದು ಹೇಗೆಂದು ಕಲಿಯುತ್ತಾಳೆ. ಮಗುವನ್ನು ಚಿವುಟುವುದು, ತೊಟ್ಟಿಲು ತೂಗುವುದು ಎರಡೂ ಒಂದೇ ಕೈಯ ಕೆಲಸ ಎಂದು ನಾನು ಇಷ್ಟು ದಿನ ತಿಳಿದಿದ್ದೆ. ವಿಶ್ವವಿದ್ಯಾಲಯ ಅದನ್ನು ಎರಡು ವಿಭಾಗವಾಗಿ ಒಡೆದು, ಎರಡಕ್ಕೂ ಬೇರೆ ಬೇರೆ ಶುಲ್ಕ ಇಟ್ಟಿದೆ.

ಕಳೆದ ರಜೆಯಲ್ಲಿ ಮೆಟ್ಟಿಲು ಇಳಿಯುವಾಗ ನನ್ನ ಕಾಲು ಉಳುಕಿತು. ಇಬ್ಬರೂ ಓಡಿ ಬಂದರು. ಹಿರಿಯವನು ಕಾಲನ್ನು ನೋಡಲಿಲ್ಲ, ನನ್ನ ಮುಖವನ್ನು ನೋಡಿದ. ‘ಮಾವ, ಇದನ್ನು ಗಾಯ ಎಂದುಕೊಳ್ಳಬೇಡಿ, ಕಥೆ ಎಂದುಕೊಳ್ಳಿ. ಬಿದ್ದವನು ಎದ್ದು ಬರುವ ಕಥೆಗೆ ಯಾವ ಕಾಲದಲ್ಲೂ ಪ್ರಾಯೋಜಕರು ಸಿಗುತ್ತಾರೆ’ ಎಂದ. ಕಿರಿಯವಳು ಅವನನ್ನು ಪಕ್ಕಕ್ಕೆ ತಳ್ಳಿ, ಹಿಮ್ಮಡಿಯ ಮೇಲಿನ ಎಲುಬನ್ನು ಬೆರಳಿನಿಂದ ಒತ್ತಿ, ‘ಇಲ್ಲಿ ನೋವಿದೆಯೇ? ನಾಲ್ಕು ಹೆಜ್ಜೆ ಇಡಲು ಆಗುತ್ತದೆಯೇ?’ ಎಂದು ಕೇಳಿದಳು. ಅಲ್ಲಿ ನೋವಿಲ್ಲ, ಹೆಜ್ಜೆ ಇಡಲು ಆಗುತ್ತದೆ ಎಂದೆ. ‘ಹಾಗಾದರೆ ಎಕ್ಸ್‌ರೇ ಬೇಡ’ ಎಂದಳು. ಒಂದು ಕಾಸಿನ ಖರ್ಚಿಲ್ಲದೆ ಮುಗಿದುಹೋದ ಈ ಚಿಕಿತ್ಸೆಯನ್ನು ಕಂಡು ಅವಳ ಅಣ್ಣನಿಗೆ ಬಹಳ ಬೇಸರವಾಯಿತು.

ಅವಳ ವಿದ್ಯೆಯ ಮೇಲೆ ನನಗೆ ಗೌರವ ಹುಟ್ಟಿದ್ದು ಅಲ್ಲಿಂದಲೇ. ಆದರೆ ಆ ವಿದ್ಯೆಗೂ ತನ್ನದೇ ತಮಾಷೆಗಳಿವೆ. ಉಳುಕಿಗೆ ಏನು ಮಾಡಬೇಕೆಂದು 1978ರಲ್ಲಿ ಗೇಬ್ ಮಿರ್ಕಿನ್ ಎಂಬ ವೈದ್ಯರು ಒಂದು ಸೂತ್ರ ಕೊಟ್ಟರು: ವಿಶ್ರಾಂತಿ, ಮಂಜುಗಡ್ಡೆ, ಬಿಗಿಯಾದ ಪಟ್ಟಿ, ಕಾಲು ಎತ್ತರಕ್ಕೆ. ಇಂಗ್ಲಿಷಿನ ಮೊದಲಕ್ಷರಗಳನ್ನು ಜೋಡಿಸಿದರೆ ‘ರೈಸ್’. ಆಮೇಲೆ ಬಂದವರು ‘ರಕ್ಷಣೆ’ಯ ಒಂದಕ್ಷರ ಸೇರಿಸಿ ‘ಪ್ರೈಸ್’ ಮಾಡಿದರು. 2012ರಲ್ಲಿ, ಬರಿಯ ವಿಶ್ರಾಂತಿ ಸಾಲದು, ಹದವಾದ ಭಾರವನ್ನೂ ಹಾಕಬೇಕು ಎಂದು ಅದನ್ನು ‘ಪೊಲೀಸ್’ ಮಾಡಿದರು. 2019ರಲ್ಲಿ ಅದು ‘ಪೀಸ್ ಆ್ಯಂಡ್ ಲವ್’ ಆಯಿತು. ಮೊದಲು ಅಕ್ಕಿ, ನಂತರ ಅದರ ಬೆಲೆ, ಬೆಲೆಯ ಹಿಂದೆ ಪೊಲೀಸರು, ಎಲ್ಲ ಮುಗಿದ ಮೇಲೆ ಶಾಂತಿ ಮತ್ತು ಪ್ರೀತಿ. ಇದು ಉಳುಕಿನ ಚಿಕಿತ್ಸೆಯೋ ಯಾವುದಾದರೂ ಬಡದೇಶದ ಚರಿತ್ರೆಯೋ ಎಂದು ನಾನು ಕೇಳಿದ್ದಕ್ಕೆ ಅವಳು ನಗಲಿಲ್ಲ. ಪರೀಕ್ಷೆಗೆ ನಾಲ್ಕನ್ನೂ ಬಾಯಿಪಾಠ ಮಾಡಬೇಕಂತೆ. ಕೊನೆಯ ಸೂತ್ರದಲ್ಲಿ ‘ಆಶಾವಾದ’ಕ್ಕೂ ಒಂದಕ್ಷರವಿದೆ, ಮಂಜುಗಡ್ಡೆಗೆ ಮಾತ್ರ ಇಲ್ಲ. ಮಂಜುಗಡ್ಡೆ ಗುಣವಾಗುವುದನ್ನು ತಡಮಾಡಬಹುದು ಎಂದು ಮಿರ್ಕಿನ್ ಅವರೇ ಮೂರೂವರೆ ದಶಕಗಳ ನಂತರ ಒಪ್ಪಿಕೊಂಡರು. ತಾನೇ ಕೊಟ್ಟ ಸೂತ್ರವನ್ನು ತಪ್ಪೆಂದು ಹೇಳುವ ಇಂಥ ಮನುಷ್ಯ ಮೇಲಿನ ಮಹಡಿಯಲ್ಲಿ ಒಬ್ಬರಾದರೂ ಸಿಗುತ್ತಾರೆಯೇ ಎಂದು ನಾನು ಹುಡುಕಿ ಸೋತಿದ್ದೇನೆ.

ಮೇಲಿನ ಮಹಡಿಯ ವಿದ್ಯೆ ಹುಟ್ಟಿದ ಕಥೆಯನ್ನು ಅಳಿಯನೇ ಹೇಳಿದ. 1957ರಲ್ಲಿ ಬ್ರೂಕ್ಲಿನ್ ಡಾಡ್ಜರ್ಸ್ ಬೇಸ್‌ಬಾಲ್ ತಂಡದ ಮಾಲೀಕ ವಾಲ್ಟರ್ ಓಮ್ಯಾಲಿ, ಜೇಮ್ಸ್ ಮೇಸನ್ ಎಂಬ ಪ್ರಾಧ್ಯಾಪಕರಿಗೆ ಒಂದು ಪತ್ರ ಬರೆದರು. ಕ್ರೀಡಾಂಗಣವನ್ನೋ ತಂಡವನ್ನೋ ನಡೆಸಲು ಓದಿ ತಯಾರಾದ ಮನುಷ್ಯ ಬೇಕಾದರೆ ಎಲ್ಲಿ ಹುಡುಕುವುದು ಎಂಬುದು ಆ ಪತ್ರದ ತಾತ್ಪರ್ಯ. ಅದರ ಫಲವಾಗಿ 1966ರಲ್ಲಿ ಅಮೆರಿಕದ ಓಹಾಯೊ ವಿಶ್ವವಿದ್ಯಾಲಯದಲ್ಲಿ ಈ ವಿಷಯದ ಮೊದಲ ಸ್ನಾತಕೋತ್ತರ ಪದವಿ ಆರಂಭವಾಯಿತು. ಅಳಿಯ ಇಷ್ಟು ಹೇಳಿ ಸುಮ್ಮನಾದ. ಅದೇ 1957ರಲ್ಲಿ ಅದೇ ಓಮ್ಯಾಲಿ ತಮ್ಮ ತಂಡವನ್ನು ಬ್ರೂಕ್ಲಿನ್‌ನಿಂದ ಕಿತ್ತು ಲಾಸ್ ಏಂಜಲೀಸ್‌ಗೆ ಸಾಗಿಸುವುದಾಗಿ ಸಾರಿದ್ದನ್ನು ಅವನ ಪಠ್ಯಪುಸ್ತಕ ಎಲ್ಲಿ ಹೇಳುತ್ತದೆ ಎಂದು ಕೇಳಿದೆ. ‘ಅದು ಬೇರೆ ಅಧ್ಯಾಯ ಮಾವ, ಸ್ಥಳಾಂತರ ಮತ್ತು ಮಾರುಕಟ್ಟೆ ವಿಸ್ತರಣೆ’ ಎಂದ. ತಂಡವನ್ನು ಕಳೆದುಕೊಂಡ ಊರಿನವರ ಅಳು ಯಾವ ಅಧ್ಯಾಯದಲ್ಲಿ ಬರುತ್ತದೆ ಎಂದು ಕೇಳಿದರೆ, ಅದು ‘ಅಭಿಮಾನಿಗಳ ಭಾವನಾತ್ಮಕ ಬಂಧ’ ಎಂಬ ಹೆಸರಿನಲ್ಲಿ ಎರಡು ಅಂಕದ ಪ್ರಶ್ನೆಯಾಗಿ ಬರುತ್ತದಂತೆ.

ಎರಡು ಮಹಡಿಗಳೂ ಒಂದೇ ಮೊಣಕಾಲಿನ ಮೇಲೆ ನಿಂತಿರುವುದರಿಂದ ಅವು ಆಗಾಗ ಡಿಕ್ಕಿ ಹೊಡೆಯುತ್ತವೆ. ಮೊಣಕಾಲಿನ ಎಸಿಎಲ್ ಎಂಬ ಅಸ್ಥಿರಜ್ಜು ಹರಿದು ಶಸ್ತ್ರಚಿಕಿತ್ಸೆಯಾದರೆ, ಒಂಬತ್ತು ತಿಂಗಳು ತುಂಬುವ ಮೊದಲು ಮೈದಾನಕ್ಕೆ ಇಳಿದವರಿಗೆ ಮತ್ತೆ ಪೆಟ್ಟಾಗುವ ಅಪಾಯ ಹೆಚ್ಚು ಎಂದು ನೆಲಮಾಳಿಗೆ ಕಲಿಸುತ್ತದೆ. ಮೇಲಿನ ಮಹಡಿ ಋತುವಿನ ವೇಳಾಪಟ್ಟಿ ನೋಡಿ, ಆರನೆಯ ತಿಂಗಳಿಗೆ ದೊಡ್ಡ ಪಂದ್ಯವಿದೆ ಎಂದು ‘ಹುಲಿ ಮರಳಿತು’ ಎಂಬ ಪೋಸ್ಟರ್ ಅಚ್ಚು ಹಾಕಿಸುತ್ತದೆ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರು ಎಂಬ ಗಾದೆಯನ್ನು ಇಷ್ಟು ಅಕ್ಷರಶಃ ಪಾಲಿಸುವ ಇನ್ನೊಂದು ಉದ್ಯಮವಿಲ್ಲ. ತಿಂಗಳ ಲೆಕ್ಕ ಕೂಡ ಒಂಬತ್ತೇ.

ಇನ್ನು ಸಂಬಳದ ಮಾತು. ಅಳಿಯನಿಗೆ ಪದವಿಯ ಭಾಗವಾಗಿ ಒಂದು ತಂಡದ ಕಚೇರಿಯಲ್ಲಿ ಇಂಟರ್ನ್‌ಶಿಪ್ ಸಿಕ್ಕಿತು. ಕೆಲಸವೇನೆಂದರೆ ಫೋನಿನಲ್ಲಿ ಟಿಕೆಟ್ ಮಾರುವುದು. ಸಂಬಳವಿಲ್ಲ, ಅನುಭವ ಉಂಟು. ಆ ಅನುಭವಕ್ಕೆ ವಿಶ್ವವಿದ್ಯಾಲಯ ಕ್ರೆಡಿಟ್ ಕೊಡುತ್ತದೆ, ಕ್ರೆಡಿಟ್ಟಿಗೆ ಅವನು ಶುಲ್ಕ ಕಟ್ಟುತ್ತಾನೆ. ಅಂದರೆ ದುಡಿದದ್ದಕ್ಕೆ ದುಡಿದವನೇ ಹಣ ಕೊಡುವ ವ್ಯವಸ್ಥೆ. ಇದನ್ನು ಕಂಡುಹಿಡಿದವರು ನಿಜಕ್ಕೂ ನಿರ್ವಹಣೆ ಕಲಿತವರೇ ಇರಬೇಕು.

ತಂಗಿಯ ಮಗಳ ಕಷ್ಟ ಬೇರೆ ಬಗೆಯದು. ಅಥ್ಲೆಟಿಕ್ ಟ್ರೇನರ್ ಎಂದರೆ ಜನ ಜಿಮ್ಮಿನಲ್ಲಿ ಡಂಬೆಲ್ ಎತ್ತಿಸುವವರು ಎಂದುಕೊಳ್ಳುತ್ತಾರೆ; ಇನ್ನು ಕೆಲವರು ನೀರಿನ ಬಾಟಲಿ ಕೊಡುವವರು ಎಂದುಕೊಳ್ಳುತ್ತಾರೆ. ಅಮೆರಿಕದಲ್ಲಿ ಇವರ ರಾಷ್ಟ್ರೀಯ ಸಂಘ ಹುಟ್ಟಿದ್ದು 1950ರಲ್ಲಿ. ಅಲ್ಲಿನ ವೈದ್ಯರ ಸಂಘ ಇವರದೂ ಆರೋಗ್ಯ ವೃತ್ತಿಯೇ ಎಂದು ಒಪ್ಪಲು 1990 ಬರಬೇಕಾಯಿತು. 2022ರ ನಂತರ ಅಲ್ಲಿ ಈ ವೃತ್ತಿಗಾಗಿ ಬರಿಯ ಸ್ನಾತಕ ಪದವಿಗೆ ಹೊಸ ಪ್ರವೇಶವೇ ಇಲ್ಲ, ಸ್ನಾತಕೋತ್ತರವೇ ಬೇಕು. ಓದು ಎರಡು ವರ್ಷ ಹೆಚ್ಚಾದರೂ, ಕೈಯಲ್ಲಿ ನೀರಿನ ಬಾಟಲಿ ಇರುವ ತನಕ ಜನರ ಅಭಿಪ್ರಾಯ ಬದಲಾಗುವುದಿಲ್ಲ.

ಇವರಿಬ್ಬರಿಗೂ ಮೇಲಧಿಕಾರಿ ಯಾರು? ಕೋಚ್. ಕೋಚ್ ಆಗಲು ಈ ಎರಡರಲ್ಲಿ ಯಾವ ಪದವಿ ಬೇಕು? ಎರಡೂ ಬೇಡ. ಹಾಗೆಂದು ವಿಶ್ವವಿದ್ಯಾಲಯಗಳು ಪ್ರಯತ್ನಿಸಿಲ್ಲ ಎನ್ನುವಂತಿಲ್ಲ. 2001ರಲ್ಲಿ ಜಾರ್ಜಿಯಾ ವಿಶ್ವವಿದ್ಯಾಲಯದಲ್ಲಿ ಬ್ಯಾಸ್ಕೆಟ್‌ಬಾಲ್ ತರಬೇತಿಯ ತತ್ವ ಮತ್ತು ತಂತ್ರಗಳ ಬಗ್ಗೆ ಒಂದು ಕೋರ್ಸ್ ಇತ್ತು. ಪಾಠ ಮಾಡುತ್ತಿದ್ದವರು ಅಲ್ಲಿನ ತಂಡದ ಸಹಾಯಕ ಕೋಚ್. ಇಪ್ಪತ್ತು ಪ್ರಶ್ನೆಗಳ ಅವರ ಅಂತಿಮ ಪರೀಕ್ಷೆ ಮುಂದೆ ತನಿಖೆಯಾದಾಗ ಹೊರಗೆ ಬಂತು. ಮೂರು ಅಂಕದ ಎಸೆತಕ್ಕೆ ಎಷ್ಟು ಅಂಕ ಎಂಬುದು ಒಂದು ಪ್ರಶ್ನೆ. ನಾನು ಸುಳ್ಳು ಹೇಳುತ್ತಿಲ್ಲ, ಉತ್ತರ ಪ್ರಶ್ನೆಯ ಒಳಗೇ ಇತ್ತು, ಆದರೂ ಕೆಳಗೆ ನಾಲ್ಕು ಆಯ್ಕೆ ಕೊಟ್ಟಿದ್ದರು. ಅಂಕಣದಲ್ಲಿ ಎಷ್ಟು ಬುಟ್ಟಿಗಳಿರುತ್ತವೆ ಎಂಬುದು ಇನ್ನೊಂದು. ನಿಮ್ಮ ಅಭಿಪ್ರಾಯದಲ್ಲಿ ದೇಶದ ಅತ್ಯುತ್ತಮ ಸಹಾಯಕ ಕೋಚ್ ಯಾರು ಎಂಬ ಪ್ರಶ್ನೆಯೂ ಇತ್ತು. ಆಯ್ಕೆಗಳ ನಡುವೆ ಪ್ರಶ್ನೆಪತ್ರಿಕೆ ಬರೆದವರ ಹೆಸರು ವಿನಯದಿಂದ ಕುಳಿತಿತ್ತು. ತರಗತಿಯ ಎಲ್ಲರಿಗೂ ‘ಎ’ ದರ್ಜೆ ಬಂತು.

ನನ್ನ ಅಳಿಯ ಈ ಕಥೆ ಕೇಳಿ ನಕ್ಕ. ನಂತರ ತನ್ನ ಪಠ್ಯಕ್ರಮವನ್ನು ಒಮ್ಮೆ ತಿರುವಿ ಹಾಕಿ, ನಗುವುದನ್ನು ನಿಲ್ಲಿಸಿದ.

ಆದರೆ ಹಣದ ವಿಷಯದಲ್ಲಿ ಕೋಚ್ ಎಲ್ಲರಿಗೂ ಗುರು. 2023ರಲ್ಲಿ ಟೆಕ್ಸಸ್ ಎ ಆ್ಯಂಡ್ ಎಂ ವಿಶ್ವವಿದ್ಯಾಲಯ ತನ್ನ ಅಮೆರಿಕನ್ ಫುಟ್‌ಬಾಲ್ ಕೋಚ್‌ನನ್ನು ಕೆಲಸದಿಂದ ತೆಗೆಯಿತು. ಒಪ್ಪಂದದ ಪ್ರಕಾರ ಆತನಿಗೆ ಕೊಡಬೇಕಾಗಿ ಬಂದದ್ದು 7.5 ಕೋಟಿ ಡಾಲರಿಗೂ ಮೀರಿದ ಹಣ. ಕೆಲಸ ಮಾಡಿದ್ದಕ್ಕಲ್ಲ, ಇನ್ನು ಮೇಲೆ ಮಾಡದೆ ಇರುವುದಕ್ಕೆ. ಕ್ಲೆಮ್ಸನ್ ವಿಶ್ವವಿದ್ಯಾಲಯ 2017ರಲ್ಲಿ 5.5 ಕೋಟಿ ಡಾಲರ್ ಸುರಿದು ಫುಟ್‌ಬಾಲ್ ಆಟಗಾರರಿಗೆ ಒಂದು ಭವನ ತೆರೆಯಿತು. ಅದರಲ್ಲಿ ಪುಟ್ಟ ಗಾಲ್ಫ್ ಅಂಗಳ, ಬೌಲಿಂಗ್ ಆಡುವ ಜಾಗ, ಕ್ಷೌರದ ಕೋಣೆ ಇವೆ. ಮಹಡಿಯಿಂದ ಕೆಳಗಿಳಿಯಲು ಜಾರುಬಂಡೆಯೂ ಇದೆ. ನೂರು ಕಿಲೋ ತೂಗುವ ಆಟಗಾರರು ಜಾರುಬಂಡೆಯಲ್ಲಿ ಇಳಿದು ಬರುವಾಗ ಕೆಳಗೆ ಅಥ್ಲೆಟಿಕ್ ಟ್ರೇನರ್ ಯಾವ ಮುಖ ಹೊತ್ತು ನಿಂತಿರುತ್ತಾರೋ ನೋಡುವ ಆಸೆ ನನಗಿದೆ.

ಇಷ್ಟೆಲ್ಲ ವೈಭವದ ನಡುವೆ ಒಂದು ವಸ್ತು ಅಗ್ಗದ್ದು. ದೊಡ್ಡದೊಂದು ತೊಟ್ಟಿ, ಅದರ ತುಂಬ ನೀರು, ನೀರಿನ ಮೇಲೆ ಮಂಜುಗಡ್ಡೆ. ಬಿಸಿಲಿನಲ್ಲಿ ಓಡಿ ಓಡಿ ಮೈಯೊಳಗಿನ ತಾಪ 40.5 ಡಿಗ್ರಿ ಸೆಲ್ಸಿಯಸ್ ದಾಟಿ ಮಾತು ತೊದಲತೊಡಗಿದವನನ್ನು ಅದರೊಳಗೆ ಕುತ್ತಿಗೆಯವರೆಗೆ ಮುಳುಗಿಸಬೇಕು, ಅದೂ ಅರ್ಧ ಗಂಟೆಯೊಳಗೆ ಮೈ ತಣ್ಣಗಾಗುವಂತೆ. ಮೊದಲು ತಂಪು, ಆಮೇಲೆ ಆಂಬುಲೆನ್ಸ್. ಉಳುಕಿಗೆ ಮಂಜುಗಡ್ಡೆ ಬೇಕೋ ಬೇಡವೋ ಎಂದು ನಾಲ್ಕು ದಶಕ ಜಗಳವಾಡಿದ ಈ ವಿದ್ಯೆಗೆ ಇಲ್ಲಿ ಜಗಳವೇ ಇಲ್ಲ. ಎಲ್ಲ ಪುಸ್ತಕಗಳೂ ಒಂದೇ ಮಾತು ಹೇಳುತ್ತವೆ. 2018ರ ಮೇ ತಿಂಗಳಲ್ಲಿ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಮೈದಾನದಲ್ಲಿ 19 ವರ್ಷದ ಹುಡುಗನೊಬ್ಬ ಓಟದ ಅಭ್ಯಾಸದಲ್ಲಿ ಕುಸಿದಾಗ ಅವನನ್ನು ಆ ತೊಟ್ಟಿಗೆ ಇಳಿಸಲಿಲ್ಲ. ಆಂಬುಲೆನ್ಸ್ ಹೊರಡುವಷ್ಟರಲ್ಲಿ ಒಂದು ಗಂಟೆಗೂ ಹೆಚ್ಚು ಸಮಯ ಕಳೆದಿತ್ತು. ಎರಡು ವಾರಗಳ ನಂತರ ಅವನು ತೀರಿಕೊಂಡ. ಆಗಸ್ಟ್‌ನಲ್ಲಿ ವಿಶ್ವವಿದ್ಯಾಲಯ ನೈತಿಕ ಹೊಣೆ ಹೊತ್ತಿತು. ಅಕ್ಟೋಬರ್ 30ರಂದು, ರಜೆಯ ಮೇಲೆ ಕಳುಹಿಸಿದ್ದ ಕೋಚ್‌ನನ್ನು ಮರಳಿ ಕೆಲಸಕ್ಕೆ ಕರೆಯಿತು. ಊರೆಲ್ಲ ಕೂಗೆದ್ದ ಮೇಲೆ ಅಕ್ಟೋಬರ್ 31ರಂದು ತೆಗೆದುಹಾಕಿತು. ಹೊತ್ತು ಮೀರಿ ಬಂದ ಈ ಚುರುಕನ್ನು ವರ್ಣಿಸಲು ಅಳಿಯನ ಪಠ್ಯದಲ್ಲಿ ‘ಬಿಕ್ಕಟ್ಟು ನಿರ್ವಹಣೆ’ ಎಂಬ ಪದವಿದೆ. ನಮ್ಮಲ್ಲಿ ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಎನ್ನುತ್ತಾರೆ.

ಅದಕ್ಕೂ ಎರಡು ವರ್ಷ ಮೊದಲೇ, 2016ರಲ್ಲಿ, ಅಮೆರಿಕದ ದೊಡ್ಡ ಕಾಲೇಜು ಕ್ರೀಡಾ ಒಕ್ಕೂಟಗಳು ಒಂದು ನಿಯಮ ಮಾಡಿಕೊಂಡಿದ್ದವು: ಆಟಗಾರ ಮೈದಾನಕ್ಕೆ ಇಳಿಯಬಹುದೇ ಇಲ್ಲವೇ ಎಂಬುದರಲ್ಲಿ ವೈದ್ಯರ ಮತ್ತು ಅಥ್ಲೆಟಿಕ್ ಟ್ರೇನರ್‌ಗಳ ಮಾತೇ ಕಡೆಯ ಮಾತು, ಕೋಚ್ ಅದನ್ನು ಪ್ರಶ್ನಿಸುವಂತಿಲ್ಲ. ಕಾಗದದ ಮೇಲೆ ಬಹಳ ಚೆನ್ನಾಗಿದೆ. ನಿಮ್ಮ ಮಾತನ್ನು ಯಾರೂ ಪ್ರಶ್ನಿಸುವಂತಿಲ್ಲ ಎಂದು ಬರೆದುಕೊಡಬೇಕಾಗಿ ಬಂತು ಎಂದರೆ ಅಲ್ಲಿಯವರೆಗೆ ಯಾರು ಯಾರ ಮಾತು ಕೇಳುತ್ತಿದ್ದರು ಎಂಬುದೂ ಆ ಕಾಗದದಲ್ಲೇ ಗೊತ್ತಾಗುತ್ತದೆ.

ತಂಗಿಯ ಮಗಳು ತನ್ನ ವಿಭಾಗದಲ್ಲಿ ಎರಡನೆಯ ತೊಟ್ಟಿಗೆ ಅರ್ಜಿ ಹಾಕಿ ಒಂದು ಋತು ಕಳೆಯಿತು. ಇರುವ ಒಂದು ತೊಟ್ಟಿ ಸೋರುತ್ತದೆ. ಅನುದಾನವಿಲ್ಲ ಎಂಬ ಉತ್ತರ ಬಂದ ವಾರದಲ್ಲೇ ಮೈದಾನದಲ್ಲಿ ಹೊಸ ಅಂಕಪರದೆ ಎದ್ದಿತು.

ಕೊನೆಗೆ ಅಣ್ಣನೇ ದಾರಿ ತೋರಿಸಿದ. ಸೆಮಿಸ್ಟರ್ ಪ್ರಾಜೆಕ್ಟ್‌ಗೆ ಅವನು ‘ಮಂಜುಗಡ್ಡೆ ತೊಟ್ಟಿಯ ನಾಮಕರಣ ಹಕ್ಕುಗಳು’ ಎಂಬ ವಿಷಯ ಆರಿಸಿಕೊಂಡ. ತೊಟ್ಟಿಯ ಮೂರು ಬದಿಗೂ ಜಾಹೀರಾತು, ನಾಲ್ಕನೆಯ ಬದಿ ಕ್ಯಾಮೆರಾಕ್ಕೆ ಕಾಣುವುದಿಲ್ಲವಾದ್ದರಿಂದ ಅದಕ್ಕೆ ರಿಯಾಯಿತಿ ದರ. ಅವನಿಗೂ ‘ಎ’ ದರ್ಜೆ ಬಂತು. ನಾಚಿಕೆಯಾಗುವುದಿಲ್ಲವೇ ಎಂದು ನಾನು ಬೈಯಲು ಹೊರಟಾಗ ಅವಳೇ ನನ್ನನ್ನು ತಡೆದಳು.

‘ಬರೆದುಕೊಳ್ಳಲಿ ಬಿಡಿ ಮಾವ. ಒಳಗೆ ನೀರು ನಿಂತರೆ ಸಾಕು.’