ಪಂಚಾಯಿತಿಗಳು ಒಟ್ಟಾಗಿ ವಿದ್ಯುತ್ ಕೊಳ್ಳಬೇಕೇ?

ಪರ: ಒಂದೇ ಟೆಂಡರ್ ಕರೆಯಲಿ

ಕುಡಿಯುವ ನೀರಿನ ಮೋಟಾರು, ಬೀದಿದೀಪ ಇವೆರಡರ ಕರೆಂಟು ಬಿಲ್ಲು ಗ್ರಾಮ ಪಂಚಾಯಿತಿಗೆ ದೊಡ್ಡ ಹೊರೆ. ವಿದ್ಯುತ್ ಸರಬರಾಜು ಕಂಪನಿಗಳಾದ ಎಸ್ಕಾಂಗಳ ಬಾಕಿ ಪಟ್ಟಿಯಲ್ಲಿ ಪಂಚಾಯಿತಿಗಳ ಹೆಸರು ತಪ್ಪುವುದಿಲ್ಲ. ದಾರಿ ಕಾನೂನಿನಲ್ಲೇ ಇದೆ. ಎಸ್ಕಾಂ ಬಿಟ್ಟು ಬೇರೆ ಉತ್ಪಾದಕರಿಂದ ನೇರವಾಗಿ ವಿದ್ಯುತ್ ಕೊಳ್ಳುವುದಕ್ಕೆ ‘ಮುಕ್ತ ಪ್ರವೇಶ’ ಎನ್ನುತ್ತಾರೆ. 2022ರ ಹಸಿರು ಇಂಧನ ಮುಕ್ತ ಪ್ರವೇಶ ನಿಯಮಗಳು ಇದಕ್ಕೆ ಗ್ರಾಹಕನಿಗಿರಬೇಕಾದ ಕನಿಷ್ಠ ಬೇಡಿಕೆಯ ಮಿತಿಯನ್ನು 1 ಮೆಗಾವಾಟ್‌ನಿಂದ 100 ಕಿಲೋವಾಟ್‌ಗೆ ಇಳಿಸಿದವು. ಒಂದೇ ವಿದ್ಯುತ್ ವಿಭಾಗದೊಳಗಿನ ತನ್ನ ಹಲವು ಸಂಪರ್ಕಗಳನ್ನು ಕೂಡಿಸಿಯೂ ಗ್ರಾಹಕ ಈ ಮಿತಿ ಮುಟ್ಟಬಹುದು. ಹತ್ತಾರು ಮೋಟಾರುಗಳಿರುವ ಪಂಚಾಯಿತಿಗೆ ಇದು ಕಷ್ಟವಲ್ಲ. ಆದರೆ ಒಂಟಿಯಾಗಿ ಹೋದರೆ ಸೌರ ವಿದ್ಯುತ್ ಕಂಪನಿಯವರು ಕುರ್ಚಿಯನ್ನೂ ಕೊಡುವುದಿಲ್ಲ. ತಾಲ್ಲೂಕಿನ ಪಂಚಾಯಿತಿಗಳೆಲ್ಲ ಸೇರಿ ಟೆಂಡರ್ ಕರೆದರೆ ದರ ಇಳಿಯಲೇಬೇಕು.

ಎಲ್‌ಇಡಿ ಬಲ್ಬನ್ನೇ ನೋಡಿ. ಕೇಂದ್ರದ ಇಇಎಸ್‌ಎಲ್ ಸಂಸ್ಥೆ ದೇಶಕ್ಕೆಲ್ಲ ಒಟ್ಟಾಗಿ ಕೊಂಡದ್ದರಿಂದ 2014ರಲ್ಲಿ 310 ರೂಪಾಯಿ ಇದ್ದ ಖರೀದಿ ದರ 2016ರಲ್ಲಿ 38ಕ್ಕೆ ಬಂತು. ಎಸ್ಕಾಂ ತಂತಿಯಲ್ಲಿ ಕರೆಂಟು ಸಾಗಿಸಲು ಕಟ್ಟುವ ವೀಲಿಂಗ್ ಶುಲ್ಕ, ಅದರ ಮೇಲಿನ ಸರ್‌ಚಾರ್ಜ್ ಎಂಬ ಹೆಚ್ಚುವರಿ ಶುಲ್ಕ ಸೇರಿದರೆ ಲಾಭ ಉಳಿಯುವುದೇ ಎಂದು ಕೇಳುವವರಿದ್ದಾರೆ. ಅದು ಲೆಕ್ಕಿಗರ ಕೆಲಸ. ಪರವಾಗಿ ಹೇಳಬೇಕಾದದ್ದು ಇಷ್ಟು.

ವಿರೋಧ: ಬೀಗದ ಕೈ ಯಾರ ಬಳಿ?

ನಾನು ಪಂಚಾಯಿತಿ ಸದಸ್ಯನಾಗಿದ್ದಾಗ ಸುತ್ತಲಿನ ಕೆಲವು ಪಂಚಾಯಿತಿಗಳು ಸೇರಿ ಬೀದಿದೀಪಗಳನ್ನು ಒಬ್ಬನೇ ಗುತ್ತಿಗೆದಾರನಿಗೆ ವಹಿಸಿದವು. ಅಲ್ಲಿಯವರೆಗೆ ನಮ್ಮ ನೀರುಗಂಟಿಯೇ ಸಂಜೆ ದೀಪ ಹಾಕಿ ಬೆಳಿಗ್ಗೆ ಆರಿಸುತ್ತಿದ್ದ. ಗುತ್ತಿಗೆದಾರ ಟೈಮರ್ ಪೆಟ್ಟಿಗೆ ಕೂರಿಸಿ, ಬೀಗ ಹಾಕಿಕೊಂಡು ಹೋದ. ಮಳೆಗಾಲದಲ್ಲಿ ಟೈಮರ್ ಕೆಟ್ಟಿತು. ಮಟಮಟ ಮಧ್ಯಾಹ್ನ ದೀಪ, ರಾತ್ರಿ ಊರೆಲ್ಲ ಕತ್ತಲೆ. ಫೋನ್ ಮಾಡಿದರೆ ‘ನಿಮ್ಮ ದೂರು ದಾಖಲಾಗಿದೆ’. ಬಯ್ಯಲು ಎದುರಿಗೆ ಒಬ್ಬ ಮನುಷ್ಯನೂ ಇಲ್ಲ! ಬಿಲ್ಲು ಮಾತ್ರ ತಪ್ಪದೆ ಬಂತು. ನೀರುಗಂಟಿ ಬೀಗ ಒಡೆಯಲು ಕಲ್ಲೆತ್ತಿಕೊಂಡ, ಪಿಡಿಒ ತಡೆದರು. ಒಪ್ಪಂದ ಮುರಿದಂತಾಗುತ್ತದಂತೆ.

ಬಲ್ಬಿನ ಕತೆ ಹೇಳುವವರು ಕರೆಂಟನ್ನೂ ಸಂತೆಯಿಂದ ಚೀಲದಲ್ಲಿ ತರಬಹುದೆಂದು ತಿಳಿದಿದ್ದಾರೆ. ಬಲ್ಬು ಕೊಂಡರೆ ವ್ಯವಹಾರ ಮುಗಿಯಿತು. ಸೌರ ವಿದ್ಯುತ್ ಒಪ್ಪಂದಗಳು ಸಾಮಾನ್ಯವಾಗಿ 25 ವರ್ಷದವು. ಪಂಚಾಯಿತಿಯ ಅವಧಿ 5 ವರ್ಷ. ಸಹಿ ಹಾಕಿದವರನ್ನು ಆಮೇಲೆ ಎಲ್ಲಿ ಹುಡುಕುವುದು? ಪಕ್ಕದ ಪಂಚಾಯಿತಿ ಹಣ ಕಟ್ಟದಿದ್ದರೆ ನಮ್ಮೂರಿಗೆ ನೋಟಿಸ್ ಬರುವುದಿಲ್ಲವೆಂದು ಯಾರು ಬರೆದುಕೊಡುತ್ತಾರೆ?

ಇನ್ನು, ಎಷ್ಟೋ ಊರುಗಳ ಬೀದಿದೀಪಕ್ಕೆ ಮೀಟರೇ ಇಲ್ಲ, ಅಂದಾಜಿನ ಬಿಲ್ಲು. ಎಷ್ಟು ಯೂನಿಟ್ ಉರಿಸುತ್ತೇವೆಂದೇ ಗೊತ್ತಿಲ್ಲದವರು ಟೆಂಡರಿನಲ್ಲಿ ಏನು ಬರೆಯುತ್ತಾರೆ? ಮೊದಲು ಮೀಟರ್ ಕೂರಿಸಲಿ. ಬೇಕಾದರೆ ಆ ಟೆಂಡರನ್ನು ಒಟ್ಟಾಗಿಯೇ ಕರೆಯಲಿ.