ಸ್ಪಷ್ಟನೆ: ಆದೇಶ ಸಂಧಿಗೂ ಸರ್ಕಾರಿ ಆದೇಶಕ್ಕೂ ಸಂಬಂಧವಿಲ್ಲ

ಮಡಿಕೇರಿ, ವಿರಾಜಪೇಟೆ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಒಂದು ಸಂದೇಶ ಓಡಾಡುತ್ತಿದೆ. ‘ಮಳೆಕಾಲ ಅನ್ನೋದೇ ಸರಿ. ಸರ್ಕಾರ ಆದೇಶ ಹೊರಡಿಸಿ ಮಳೆಗಾಲ ಮಾಡಿತು, ಅದಕ್ಕೇ ಅದು ಆದೇಶ ಸಂಧಿ. ನಮ್ಮ ಬ್ರಹ್ಮಗಿರಿಯೂ ಹಾಗೇ ಆಗಿದ್ದು’ ಅಂತ. ಮೂರೂ ಮಾತು ತಪ್ಪು.

ಆದೇಶ ಅಂದ್ರೆ ಅಪ್ಪಣೆ, ನಿಜ. ಕಚೇರಿಯ ಕಾಗದದಲ್ಲಿ ಅದೇ ಅರ್ಥ. ಆದರೆ ವ್ಯಾಕರಣದಲ್ಲಿ ಒಂದು ಅಕ್ಷರ ಹೋಗಿ ಅದರ ಜಾಗಕ್ಕೆ ಇನ್ನೊಂದು ಬರುವುದಕ್ಕೆ ಆದೇಶ ಎನ್ನುತ್ತಾರೆ. ಸಂಸ್ಕೃತ ವ್ಯಾಕರಣದಿಂದ ಬಂದ ಹಳೇ ಬಳಕೆ ಇದು. ಇದ್ದ ಅಕ್ಷರ ಹೋಗದೆ ಹೊಸದೊಂದು ಬಂದು ಸೇರಿದರೆ ಅದು ಆಗಮ. ಆಗಮ ಮಿತ್ರನ ಹಾಗೆ, ಆದೇಶ ಶತ್ರುವಿನ ಹಾಗೆ ಅಂತ ಪಂಡಿತರ ಮಾತೇ ಇದೆ. ಮಿತ್ರ ಬಂದು ಪಕ್ಕದಲ್ಲಿ ಕೂರುತ್ತಾನೆ, ಶತ್ರು ಇದ್ದವರನ್ನು ಎಬ್ಬಿಸಿ ಕೂರುತ್ತಾನೆ, ಅಲ್ವಾ?

ಕನ್ನಡದಲ್ಲಿ ಎರಡನೇ ಪದದ ಮೊದಲಿನ ಕ, ತ, ಪ ಹೋಗಿ ಗ, ದ, ಬ ಬರುವುದು ಜಾಸ್ತಿ. ಮಳೆ, ಕಾಲ ಸೇರಿ ಮಳೆಗಾಲ. ಬೆಟ್ಟ, ತಾವರೆ ಸೇರಿ ಬೆಟ್ಟದಾವರೆ. ಕಣ್, ಪನಿ ಸೇರಿ ಕಂಬನಿ. ಬಾಯಿಬಿಟ್ಟು ಹೇಳಿ ನೋಡಿ, ‘ಮಳೆ’ ಆದ ಮೇಲೆ ಗ ತಾನಾಗೇ ಬರುತ್ತದೆ. ಯಾವ ಅಧಿಕಾರಿಯ ಸಹಿಯೂ ಬೇಕಿಲ್ಲ.

ಬ್ರಹ್ಮಗಿರಿಯಲ್ಲಿ ಏನೂ ಬದಲಾಗಿಲ್ಲ. ‘ಗಿರಿ’ಗೆ ಗ ಮೊದಲಿಂದಲೂ ಇದೆ. ಹಾಗಂತ ಸಿಕ್ಕಲ್ಲೆಲ್ಲ ಸುಮ್ನೆ ಗ ಹಾಕುವುದೂ ಬೇಡ. ತಲಕಾವೇರಿ ತಲಕಾವೇರಿಯೇ, ಮಡಿಕೇರಿಯ ಕ ಕೂಡ ಕದಲಿಲ್ಲ. ಮಳೆಕಾಡು ಅಂತಲೂ ಕ ಇಟ್ಟೇ ಬರೆಯುತ್ತಾರೆ.