ಅರವತ್ತನಾಲ್ಕು ಮಾತ್ರೆಯ ಲೆಕ್ಕ

ಕೋಡಿಂಗ್ ಕಲಿಯಲು ನಮ್ಮ ಕಲಬುರಗಿಯ ಮೇ ತಿಂಗಳಷ್ಟು ಒಳ್ಳೆಯ ಕಾಲ ಇನ್ನೊಂದಿಲ್ಲ. ಮಧ್ಯಾಹ್ನ ಹೊರಗೆ ಕಾಲಿಡುವ ಹಾಗಿಲ್ಲ. ಮಲಗೋಣವೆಂದರೆ ಕೂಲರಿನ ಗದ್ದಲ. ಹೀಗಾಗಿ ನಿವೃತ್ತಿಯಾದ ಮೇಲೆ ಪೈಥಾನ್ ಅನ್ನುವ ಕೋಡಿಂಗ್ ಭಾಷೆ ಹಿಡಿದು ಕೂತೆ. ಪಾಠ ಹೇಳುವವಳು ಅಣ್ಣನ ಮಗಳು. ಅವಳ ತಾಳ್ಮೆ ದೊಡ್ಡದು.

‘ಕಲಬುರಗಿ’ಯಲ್ಲಿ ಎಷ್ಟು ಅಕ್ಷರ? ಒಂದನೇ ತರಗತಿಯ ಹುಡುಗನೂ 5 ಅನ್ನುತ್ತಾನೆ. ಪೈಥಾನ್ 7 ಅಂದಿತು. ‘ಬು’ ಅಂದರೆ ಅದಕ್ಕೆ ಬ ಒಂದು, ಕೊಂಬು ಇನ್ನೊಂದು. ‘ಗಿ’ಯ ಗುಡಿಸೂ ಬೇರೆ ಲೆಕ್ಕ. ಬಾಯಿಗೆ ಒಂದಾದದ್ದು, ಕಂಪ್ಯೂಟರ್ ಅಕ್ಷರ ಗುರುತಿಸುವ ಯೂನಿಕೋಡಿಗೆ ಎರಡು.

ಬೇರೆಯವರು ಕೋಡಿಂಗ್ ಕಲಿತು ಆ್ಯಪ್ ಮಾಡುತ್ತಾರೆ. ನನಗೆ ಬೇಕಾಗಿದ್ದದ್ದು ಕಂದಪದ್ಯದ ಮಾತ್ರೆ ಎಣಿಸುವ ಪ್ರೋಗ್ರಾಂ. ಯಾರಿಗೆ ಉಪಯೋಗ ಅಂತ ಕೇಳಬೇಡಿ. ನಮ್ಮ ಸೇಡಂ ತಾಲೂಕಿನ ಮಳಖೇಡದಲ್ಲಿ, ಕಾಗಿಣಾ ನದಿಯ ದಂಡೆಯ ಮೇಲೆ, ಒಂಬತ್ತನೇ ಶತಮಾನದಲ್ಲಿ ನೃಪತುಂಗನ ಆಸ್ಥಾನ ಇತ್ತು. ಕವಿರಾಜಮಾರ್ಗ ಹುಟ್ಟಿದ್ದು ಅಲ್ಲಿ. ಅದರಲ್ಲಿ ಕಂದಪದ್ಯಗಳೇ ಜಾಸ್ತಿ. ಊರ ಪಕ್ಕದ ಪುಸ್ತಕಕ್ಕೆ ಊರಿನವನೊಬ್ಬ ಇಷ್ಟಾದರೂ ಮಾಡಬೇಡವೇ?

ಕಂದದ ಲೆಕ್ಕ ಸರಳ. ನಾಲ್ಕು ಸಾಲು. ಒಂದು ಮತ್ತು ಮೂರನೇ ಸಾಲಿಗೆ 12 ಮಾತ್ರೆ, ಎರಡು ಮತ್ತು ನಾಲ್ಕಕ್ಕೆ 20. ಒಟ್ಟು 64. ಲಘುವಿಗೆ ಒಂದು, ಗುರುವಿಗೆ ಎರಡು. ಹೈಸ್ಕೂಲಿನಲ್ಲಿ ಪೆನ್ಸಿಲ್ ಹಿಡಿದು ಗೆರೆ ಎಳೆಯುವಾಗ ಇದೆಲ್ಲ ತಾನಾಗಿಯೇ ಬರುತ್ತಿತ್ತು. ಕಂಪ್ಯೂಟರಿಗೆ ಹೇಳಲು ಹೋದಾಗ ಗೊತ್ತಾಯಿತು, ‘ಅಕ್ಕ’ದ ‘ಅ’ ಗುರು ಆಗುವುದು ಮುಂದಿರುವ ಒತ್ತಕ್ಷರದಿಂದ. ಅಂದರೆ ಯಂತ್ರ ಒಂದು ಅಕ್ಷರದ ಮೇಲೆ ನಿಂತು ಮುಂದಿನದನ್ನು ಇಣುಕಿ ನೋಡಬೇಕು. ನಾವು ಇಷ್ಟು ವರ್ಷ ಹೀಗೆ ಇಣುಕುತ್ತಲೇ ಓದಿದ್ದೇವೆ, ಅಲ್ವಾ? ಯಾರಿಗೂ ಅದರ ಅರಿವಿಲ್ಲ.

ಉತ್ತರ ತಪ್ಪು ಬಂದಾಗ ನಾನು ಗೊಣಗುತ್ತಿದ್ದೆ. ಅವಳು, “ಕಾಕಾ, ಅದರ ಮ್ಯಾಲ ಸಿಟ್ಟು ಮಾಡಬ್ಯಾಡ್ರಿ. ನೀವು ಬರದಿದ್ದಷ್ಟೇ ಅದು ಮಾಡ್ತದ” ಅನ್ನುತ್ತಿದ್ದಳು.

ಒಮ್ಮೆ ಬರೆದಿಟ್ಟು ಬೇಕಾದಾಗೆಲ್ಲ ಕರೆಯುವ ಕೋಡಿನ ತುಣುಕಿಗೆ ಫಂಕ್ಷನ್ ಅನ್ನುತ್ತಾರೆ. ಅದು ಮಾತ್ರ ಅವಳು ಹೇಳುವ ಮುಂಚೆಯೇ ತಲೆಗೆ ಹೋಯಿತು. ತತ್ವಪದದ ಪುಸ್ತಕ ನೋಡಿದ್ದೀರಲ್ಲ. ನಮ್ಮ ಕಡೆ ಕಡಕೋಳ ಮಡಿವಾಳಪ್ಪನವರ ಪದಗಳನ್ನು ಏಕತಾರಿ ಹಿಡಿದು ರಾತ್ರಿಯಿಡೀ ಹಾಡುತ್ತಾರೆ. ಪುಸ್ತಕದಲ್ಲಿ ಪಲ್ಲವಿ ಅಚ್ಚಾಗುವುದು ಒಂದೇ ಸಲ. ಆಮೇಲೆ ಪ್ರತಿ ನುಡಿಯ ಕೊನೆಗೆ ಎರಡು ಗೀಟಿನ ನಡುವೆ ಒಂದು ‘ಪ’. ಹಾಡುವವ ತಿರುಗಿ ಪಲ್ಲವಿಗೆ ಹೋಗಿ ಬರುತ್ತಾನೆ. ಫಂಕ್ಷನ್ ಮಾಡುವುದೂ ಇಷ್ಟೇ. ಒಂದೇ ವ್ಯತ್ಯಾಸ, ಹಿಮ್ಮೇಳದವರು ಪ್ರತಿ ಸಲವೂ ಪಲ್ಲವಿಯನ್ನು ಸ್ವಲ್ಪ ಬೇರೆ ಥರ ಎಳೆಯುತ್ತಾರೆ. ಪೈಥಾನಿಗೆ ಆ ಖುಷಿ ಗೊತ್ತಿಲ್ಲ.

ಈ ಕೋಡಿಂಗಿನಿಂದ ಒಂದು ಹೊಸ ಚಟ ಅಂಟಿತು. ಸುಪರ್ ಮಾರ್ಕೆಟ್ ಕಡೆ ಚಹಾ ಕುಡಿಯುತ್ತ ನಮ್ಮ ಭಾಗಕ್ಕೆ ವಿಶೇಷ ಸೌಲಭ್ಯ ಕೊಡುವ ಸಂವಿಧಾನದ 371(ಜೆ) ವಿಧಿಯ ಬಗ್ಗೆ ಮಾತು ಬಂದರೆ ಮೊದಲು ನಾನೂ ದನಿ ಏರಿಸುತ್ತಿದ್ದೆ. ಈಗ ‘ಮತ್ತು’, ‘ಅಥವಾ’ ಎಲ್ಲಿದೆ ಅಂತ ಹುಡುಕುತ್ತೇನೆ. ಆ ವಿಧಿಯಲ್ಲಿ ಈ ಭಾಗದವರು ಯಾರೆಂದರೆ, ಹುಟ್ಟಿನಿಂದ ಅಥವಾ ವಾಸದಿಂದ ಇಲ್ಲಿಗೆ ಸೇರಿದವರು. ಅಲ್ಲಿರುವುದು ‘ಅಥವಾ’. ಬೆಂಚಿನ ಮೇಲೆ ಕೂತವರು ಅದನ್ನು ‘ಮತ್ತು’ ಮಾಡಿಕೊಂಡು ಜಗಳಾಡುತ್ತಾರೆ. 2019ರಲ್ಲಿ ಹೈದರಾಬಾದ್ ಕರ್ನಾಟಕ ಹೋಗಿ ಕಲ್ಯಾಣ ಕರ್ನಾಟಕ ಆಯಿತಲ್ಲ, ಅದಕ್ಕೂ ನನ್ನ ಹತ್ತಿರ ಈಗ ಒಂದು ಮಾತಿದೆ: ವೇರಿಯೇಬಲ್ ಅಂದರೆ ಕೋಡಿನಲ್ಲಿ ಬೆಲೆ ಇಡುವ ಡಬ್ಬಿ, ಅದರ ಹೆಸರು ಬದಲಿಸಿದರೆ ಒಳಗಿನ ಬೆಲೆ ಏರುವುದಿಲ್ಲ. ಇದನ್ನು ಹೇಳಿದಾಗ ಯಾರೂ ನಗಲಿಲ್ಲ. ಮಿರ್ಚಿ ಭಜಿ ಬಂತು, ಮಾತು ತೊಗರಿ ರೇಟಿಗೆ ಹೊರಳಿತು.

ಪ್ರೋಗ್ರಾಂ ಈಗ ಓಡುತ್ತಿದೆ. ಬಹಳಷ್ಟು ಪದ್ಯಕ್ಕೆ 64 ಅನ್ನುತ್ತದೆ. ಕೆಲವಕ್ಕೆ 65. ಕಾರಣ ಶಿಥಿಲದ್ವಿತ್ವ. ಹಳಗನ್ನಡದಲ್ಲಿ ಕೆಲವು ಒತ್ತಕ್ಷರಗಳನ್ನು ತೇಲಿಸಿ ಉಚ್ಚರಿಸುತ್ತಾರೆ, ಆಗ ಹಿಂದಿನ ಅಕ್ಷರ ಲಘುವಾಗಿಯೇ ಉಳಿಯುತ್ತದೆ. ಅಣ್ಣನ ಮಗಳು ಪೆನ್ನು ಹಿಡಿದು, “ಯಾವಾಗ ತೇಲಿಸಬೇಕು ಅಂತ ರೂಲ್ ಹೇಳ್ರಿ ಕಾಕಾ” ಅಂದಳು.

“ಹಾಡಿ ನೋಡಬೇಕವ್ವ.”

“ಅದನ್ನ ಇಫ್‌ನಾಗ ಹ್ಯಾಂಗ ಬರೀಲಿ?”